ಕಾಯಿಲ್ ಕೊಳ್ಳುವ ಮುನ್ನ ಸರ್ಕ್ಯೂಟ್ ಪರೀಕ್ಷಿಸಿ

ಚೆಕ್ ಎಂಜಿನ್ ದೀಪ ಹತ್ತಿದೆ, ಗಾಡಿ ಐಡಲ್‌ನಲ್ಲಿ ನಡುಗುತ್ತಿದೆ, ಏರಿನಲ್ಲಿ ಪಿಕಪ್ ಇಲ್ಲ. ಸ್ಕ್ಯಾನರ್ ಹಾಕಿದರೆ ಪಿ0351ರಿಂದ ಪಿ0354ರವರೆಗಿನ ಯಾವುದೋ ಒಂದು ದೋಷದ ಕೋಡ್. ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆ. ಆದರೆ ಈ ಕೋಡ್ ದೂರುವುದು ಇಗ್ನಿಷನ್ ಕಾಯಿಲ್‌ನ (ಸ್ಪಾರ್ಕ್ ಪ್ಲಗ್‌ನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಸರ್ಕ್ಯೂಟನ್ನು. ಫ್ಯೂಸ್, ವೈರ್, ಕನೆಕ್ಟರ್, ಅರ್ಥ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲವೂ ಅದರೊಳಗೇ ಬರುತ್ತವೆ. ದೀಪ ಮಿನುಗುತ್ತಿದ್ದರೆ ಗಾಡಿ ಓಡಿಸಲೇಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ.

ಮೊದಲು ಅದಲುಬದಲು ಪರೀಕ್ಷೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ಕೋಡ್ ಪಿ0352 ಇದ್ದರೆ 2 ಮತ್ತು 3ರ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ಎಂಜಿನ್ ಚಾಲೂ ಮಾಡಿ. ಪಿ0353 ಬಂದರೆ ಕಾಯಿಲ್ ಕೆಟ್ಟಿದೆ. ಪಿ0352 ಮತ್ತೆ ಬಂದರೆ ಕಾಯಿಲ್‌ಗೆ ದುಡ್ಡು ಹಾಕಬೇಡಿ, ದೋಷ ವೈರಿಂಗ್ ಕಡೆಗಿದೆ. ಸ್ಪಾರ್ಕ್ ನೋಡಲೆಂದು ಓಡುತ್ತಿರುವ ಎಂಜಿನ್‌ನಿಂದ ಕಾಯಿಲ್ ಕೀಳುವ ಅಭ್ಯಾಸ ಅಪಾಯಕಾರಿ; ಅಲ್ಲಿರುವುದು ಸಾವಿರಾರು ವೋಲ್ಟ್.

ಇನ್ನು ವೈರಿಂಗ್. ಕಾಯಿಲ್ ಕನೆಕ್ಟರಿನಲ್ಲಿ ಮೂರು ಪಿನ್ ಇದ್ದರೆ ಒಂದು 12 ವೋಲ್ಟ್, ಒಂದು ಅರ್ಥ್, ಇನ್ನೊಂದು ಇಸಿಯು ಸಿಗ್ನಲ್. ಯಾವುದು ಯಾವುದೆಂದು ಆ ಮಾದರಿಯ ವೈರಿಂಗ್ ನಕ್ಷೆಯಲ್ಲಿ ಖಚಿತಪಡಿಸಿಕೊಳ್ಳಿ. ಇಗ್ನಿಷನ್ ಆನ್ ಮಾಡಿ ಮಲ್ಟಿಮೀಟರ್ ಇಟ್ಟಾಗ 12 ವೋಲ್ಟ್ ಕಂಡರೂ ನಂಬಬೇಡಿ. ತುಕ್ಕು ಹಿಡಿದು ಒಂದೇ ಎಳೆ ಉಳಿದ ವೈರ್ ಕೂಡ ಮೀಟರಿಗೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಕರೆಂಟ್ ಎಳೆದಾಗ ಕೈಕೊಡುತ್ತದೆ. ಹಾಗಾಗಿ ಪವರ್ ಮತ್ತು ಅರ್ಥ್ ಪಿನ್‌ಗಳ ನಡುವೆ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಹಚ್ಚಿ ನೋಡಿ. ಮಂಕಾಗಿ ಉರಿದರೆ ಆ ಎರಡರಲ್ಲೊಂದು ಕೆಟ್ಟಿದೆ. ಬಲ್ಬನ್ನು ಸಿಗ್ನಲ್ ಪಿನ್‌ಗೆ ಎಂದೂ ತಾಗಿಸಬೇಡಿ, ಇಸಿಯು ಸುಟ್ಟೀತು. ಅಲ್ಲಿಗೆ ಎಲ್‌ಇಡಿ ಟೆಸ್ಟರ್ ಬಳಸಿ. ಸೆಲ್ಫ್ ಹೊಡೆಯುವಾಗ ಅದು ಮಿನುಗಬೇಕು. ನಾಲ್ಕೂ ಕಾಯಿಲ್‌ಗಳಿಗೆ ಪವರ್ ಇಲ್ಲದಿದ್ದರೆ ಫ್ಯೂಸ್, ರಿಲೇ ನೋಡಿ.

ಎಲ್‌ಇಡಿ ಮಿನುಗದಿದ್ದರೆ ಬ್ಯಾಟರಿಯ ನೆಗೆಟಿವ್ ತೆಗೆದು, ಎರಡೂ ಕಡೆಯ ಕನೆಕ್ಟರ್ ಬಿಚ್ಚಿ, ಇಸಿಯುವಿನಿಂದ ಕಾಯಿಲ್‌ವರೆಗಿನ ಸಿಗ್ನಲ್ ವೈರ್ ಅಳೆಯಿರಿ. 1 ಓಮ್‌ಗಿಂತ ಕಡಿಮೆ ಇರಬೇಕು, ಕಾರಿನ ಲೋಹದ ಬಾಡಿಯ ಜೊತೆ ಶಾರ್ಟ್ ಇರಬಾರದು. ಅಳೆಯುತ್ತಲೇ ವೈರನ್ನು ಅಲುಗಾಡಿಸಿ. ನಿಂತಾಗ ಸರಿಯಿದ್ದು ಓಡುವಾಗ ಬರುವ ದೋಷ ಹೀಗೆಯೇ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಇಲಿ ಕಡಿದ ವೈರ್ ಬಹಳ ಸಾಮಾನ್ಯ, ಮಳೆಗಾಲದಲ್ಲಿ ಪಿನ್‌ಗೆ ಹಸಿರು ಕಿಲುಬು ಹಿಡಿಯುವುದೂ ಅಷ್ಟೇ.

ತುಂಡಾದ ಕಡೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಅದೇ ದಪ್ಪದ ವೈರ್ ಬೆಸುಗೆ ಹಾಕಿ, ಅಂಟುಳ್ಳ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ. ಬರೀ ತಿರುಚಿ ಟೇಪ್ ಸುತ್ತಿದರೆ ಎಂಜಿನ್ ಬಿಸಿಗೆ ಅಂಟು ಬಿಟ್ಟು ನೀರು ಇಳಿಯುತ್ತದೆ.

ಕಾಯಿಲ್ಲೇ ಕೆಟ್ಟಿದ್ದರೆ ಸ್ಪಾರ್ಕ್ ಪ್ಲಗ್ ಕೂಡ ತೆಗೆದು ನೋಡಿ. ಸವೆದು ಗ್ಯಾಪ್ ಹಿಗ್ಗಿದ ಪ್ಲಗ್‌ಗೆ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಆ ಒತ್ತಡಕ್ಕೆ ಹೊಸ ಕಾಯಿಲ್‌ನ ಇನ್ಸುಲೇಷನ್ನೂ ಒಡೆಯುತ್ತದೆ. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರ್ ಸೀಲ್ ಬದಲಿಸದೆ ಹೊಸ ಕಾಯಿಲ್ ಕೂರಿಸಬೇಡಿ.