ಬೆಲೆ ಏರಿದ ವಾಚನ್ನು ನಾನು ಯಾಕೆ ಮಾರಿದೆ

ನನ್ನ ಹತ್ತಿರ ಈಗ ಇರುವುದು ಮೂರು ವಾಚು. ಒಂದು ಕಾಲಕ್ಕೆ ಏಳು ಇದ್ದವು. ಉಳಿದ ನಾಲ್ಕು ಎಲ್ಲಿ ಹೋದವು ಅಂತ ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದೇನೆ. ಇಲ್ಲಿ ನಿಜ ಬರೆಯುತ್ತೇನೆ.

ನಾನು ಕೊಳ್ಳುವುದು ಇಂಡಿಪೆಂಡೆಂಟ್ ವಾಚ್‌ಮೇಕರ್‌ಗಳ ಕೆಲಸ. ದೊಡ್ಡ ಕಂಪನಿಗಳ ಹಂಗಿಲ್ಲದೆ, ಒಬ್ಬರೋ ಹತ್ತು ಜನರೋ ಕೂತು ವರ್ಷಕ್ಕೆ ಕೆಲವೇ ವಾಚು ಮಾಡುತ್ತಾರಲ್ಲ, ಅವರು. ಇಂಥವರು ಒಟ್ಟಾಗಲಿ ಅಂತ ಸ್ವೆಂಡ್ ಆಂಡರ್ಸನ್ ಮತ್ತು ವಿನ್ಸೆಂಟ್ ಕಲಬ್ರೇಸೆ 1985ರಲ್ಲೇ ಒಂದು ಸಂಘ ಕಟ್ಟಿದ್ದರು. ಆಗ ಈ ವಾಚುಗಳನ್ನು ಕೇಳುವವರು ಕಮ್ಮಿ. ಈಗ ಕಾಯುವವರ ಪಟ್ಟಿಯಲ್ಲಿ ಹೆಸರು ಸೇರಿಸುವುದೇ ಕಷ್ಟ.

ನನಗೆ ಹುಚ್ಚು ಹಿಡಿದದ್ದು ಭೂತಗನ್ನಡಿಯಿಂದ. ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಸಣ್ಣ ಲೂಪ್ ಕೊಟ್ಟು, "ಈ ಮೂಲೆ ನೋಡಿ" ಅಂತ ಒಬ್ಬರು ವಾಚಿನ ಹಿಂಭಾಗ ತೋರಿಸಿದರು. ಯಂತ್ರದ ಪಟ್ಟಿಗಳ ಅಂಚನ್ನು ಓರೆಯಾಗಿ ಉಜ್ಜಿ ಹೊಳಪು ಕೊಟ್ಟಿದ್ದರು. ಒಳಮುಖವಾಗಿ ಎರಡು ಅಂಚು ಸೇರುವ ಕಡೆ ಚೂರಿಯ ತುದಿಯ ಹಾಗೆ ಚೂಪಾದ ಮೂಲೆ. ತಿರುಗುವ ಉಪಕರಣ ಆ ಮೂಲೆಯನ್ನು ದುಂಡಗೆ ಬಿಟ್ಟುಬಿಡುತ್ತದೆ. ಚೂಪಾಗಿದ್ದರೆ ಅಲ್ಲಿ ಒಬ್ಬ ಮನುಷ್ಯ ಗಂಟೆಗಟ್ಟಲೆ ಅರ ಹಿಡಿದು ಕೂತಿದ್ದಾನೆ ಅಂತ ಅರ್ಥ. ಆಮೇಲೆ ಒಂದು ಉಕ್ಕಿನ ತುಂಡು. ಒಂದು ಕೋನದಿಂದ ಕಪ್ಪಗೆ ಕಾಣುತ್ತದೆ, ಸ್ವಲ್ಪ ಓರೆ ಮಾಡಿದರೆ ಕನ್ನಡಿಯಂತೆ ಬೆಳ್ಳಗೆ. ಬ್ಲ್ಯಾಕ್ ಪಾಲಿಶ್ ಅನ್ನುತ್ತಾರೆ. ಒಂದು ಗೀರು ಉಳಿದರೂ ಆ ಆಟ ನಡೆಯುವುದಿಲ್ಲ. ಅವತ್ತಿನಿಂದ ವಾಚನ್ನು ಮುಂದಿನಿಂದ ನೋಡುವ ಅಭ್ಯಾಸವೇ ಹೋಯಿತು.

ಮೊದಲ ಎರಡನ್ನು ಕೊಳ್ಳುವಾಗ ಮರುಮಾರಾಟದ ಯೋಚನೆಯೇ ಇರಲಿಲ್ಲ. ಮೂರನೆಯದಕ್ಕೆ ಬಂತು. ಸ್ವಿಟ್ಜರ್ಲೆಂಡಿನ ಇಂಡಿಪೆಂಡೆಂಟ್ ವಾಚ್‌ಮೇಕರ್ ಫಿಲಿಪ್ ಡುಫೂರ್ ಅವರ ಸಿಂಪ್ಲಿಸಿಟಿ ಅನ್ನುವ ವಾಚಿದೆ. ಗಂಟೆ, ನಿಮಿಷ, ಸೆಕೆಂಡು, ಅಷ್ಟೇ. ಮಾಡಿದ್ದು ಸುಮಾರು 200. 2020ರಲ್ಲಿ ಅದರ ಇಪ್ಪತ್ತನೇ ವರ್ಷದ ನೆನಪಿಗೆ ಮಾಡಿದ ಒಂದು ವಾಚು ಹರಾಜಿನಲ್ಲಿ 13 ಲಕ್ಷ ಸ್ವಿಸ್ ಫ್ರಾಂಕ್ ದಾಟಿತು. ಅಂಥ ಸುದ್ದಿ ಓದಿದ ಮೇಲೆ ಮನಸ್ಸು ನೆಟ್ಟಗಿರುತ್ತದಾ? ನಾನೂ ಮುಂದೆ ಏರುತ್ತದೆ ಅಂತ ಎರಡು ವಾಚು ತೆಗೆದುಕೊಂಡೆ. ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರಲಿಲ್ಲ. 2022ರಲ್ಲಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಇಳಿಯತೊಡಗಿತು, ಎರಡನ್ನೂ ನಷ್ಟಕ್ಕೆ ಕೊಟ್ಟೆ. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದೇನಿಲ್ಲ, ಪೆಟ್ಟು ತಿಂದೆ ಅಷ್ಟೇ.

ಒಂದು ಲೆಕ್ಕ ಮಾತ್ರ ಆಗ ಕಲಿತೆ. ಮಾರಾಟಕ್ಕಿಟ್ಟವರು ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಹರಾಜಿನ ಸುದ್ದಿಯಲ್ಲಿ ಬರುವ ಮೊತ್ತದಲ್ಲಿ ಸಾಮಾನ್ಯವಾಗಿ ಕೊಳ್ಳುವವರು ಕೊಡುವ ಕಮಿಷನ್ನೂ ಸೇರಿರುತ್ತದೆ. ಅದು ಮಾರುವವರ ಕೈಗೆ ಬರುವುದಿಲ್ಲ. ಮೇಲಾಗಿ ವರ್ಷಕ್ಕೆ ಒಂದೋ ಎರಡೋ ಕೈ ಬದಲಾಗುವ ವಾಚಿಗೆ ಮಾರುಕಟ್ಟೆ ಬೆಲೆ ಅನ್ನುವುದೇ ಇರುವುದಿಲ್ಲ. ದೊಡ್ಡ ಮೊತ್ತ ಬಂತೆಂದರೆ ಅವತ್ತು ಹರಾಜಿನಲ್ಲಿ ಹಠ ಹಿಡಿದ ಇಬ್ಬರು ಕೂತಿದ್ದರು, ಅಷ್ಟೇ. ಯಾವುದು ಏರುತ್ತದೆ ಅಂತ ಹೇಳುವುದೂ ಸುಳ್ಳು. ಎಫ್.ಪಿ. ಜೂರ್ನ್ ತಮ್ಮ ವಾಚಿನ ಯಂತ್ರವನ್ನು ಮೊದಲು ಹಿತ್ತಾಳೆಯಲ್ಲಿ ಮಾಡುತ್ತಿದ್ದರು, 2004ರ ಸುಮಾರಿಗೆ 18 ಕ್ಯಾರೆಟ್ ಚಿನ್ನಕ್ಕೆ ಬದಲಾಯಿಸಿದರು. ಈಗ ಸಂಗ್ರಹಕಾರರು ಮುಗಿಬೀಳುವುದು ಹಳೆಯ ಹಿತ್ತಾಳೆಗೆ. ಇದನ್ನು ಮೊದಲೇ ಊಹಿಸಿದವರು ಯಾರಿದ್ದರು?

ಆದರೆ ನಷ್ಟಕ್ಕಿಂತ ಲಾಭವೇ ನನ್ನನ್ನು ಹೆಚ್ಚು ಕೆಡಿಸಿತು. ಮೊದಲಿನ ಎರಡರಲ್ಲಿ ಒಂದು, ನಾನು ದಿನಾ ಕಟ್ಟುತ್ತಿದ್ದ ವಾಚು, ಕೊಂಡ ಬೆಲೆಯ ಮೂರು ಪಟ್ಟಾಯಿತು. ಖುಷಿಯಾಗಬೇಕಿತ್ತು ಅಲ್ವಾ? ಮೊದಲ ತಿಂಗಳು ಆಯಿತು ಕೂಡ. ಆಮೇಲೆ ಬಾಗಿಲು ದಾಟುವಾಗ ಕೈ ಹಿಂದಕ್ಕೆಳೆದುಕೊಳ್ಳತೊಡಗಿದೆ. ಮಳೆ ಅಂದರೆ ಬೇಡ, ರೈಲು ಅಂದರೆ ಬೇಡ. ಬೆಳಿಗ್ಗೆ ಕೀ ಕೊಡುವಾಗ ಕಿವಿ ಹತ್ತಿರ ಹಿಡಿದು ಟಿಕ್ ಟಿಕ್ ಕೇಳುತ್ತಿದ್ದವನು, ಫೋನ್ ತೆಗೆದು ಇವತ್ತು ಎಷ್ಟಾಗಿದೆ ಅಂತ ನೋಡತೊಡಗಿದೆ. ಕೊನೆಗೆ ಅದು ಲಾಕರ್ ಸೇರಿತು. "ಆ ನೀಲಿ ವಾಚು ಎಲ್ಲಿ, ಕಟ್ಟೋದೇ ಇಲ್ಲವಲ್ಲ" ಅಂತ ಹೆಂಡತಿ ಕೇಳಿದಾಗ ಆರು ತಿಂಗಳಾಗಿತ್ತು.

ಮಾರುವ ಮೊದಲು ಅದನ್ನು ಮಾಡಿದವರಿಗೇ ಪತ್ರ ಬರೆದೆ. ಈ ಲೋಕದಲ್ಲಿ ಅದು ಮುಖ್ಯ. ಕೈಗೆ ಸಿಕ್ಕ ಮರುವಾರವೇ ಮಾರಿದವನಿಗೆ ಮುಂದಿನ ವಾಚು ಸಿಗುವುದು ಕಷ್ಟ, ಮಾಡಿದವರಿಗೆ ಗೊತ್ತಾಗದೆ ಇರುವುದೂ ಇಲ್ಲ. ನನ್ನದು ಹಲವು ವರ್ಷ ಕಟ್ಟಿದ ವಾಚು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕಾಯುತ್ತಿದ್ದವರೊಬ್ಬರ ಪರಿಚಯ ಮಾಡಿಕೊಟ್ಟರು. ಬಾಕ್ಸು, ಕಾಗದ, ಸರ್ವಿಸ್ ರಸೀದಿ ಎಲ್ಲ ಇಟ್ಟಿದ್ದೆ. ಕೇಸಿಗೆ ಒಮ್ಮೆಯೂ ಪಾಲಿಶ್ ಮಾಡಿಸಿರಲಿಲ್ಲ, ಗೀರುಗಳು ಇದ್ದ ಹಾಗೇ ಇದ್ದವು. ಕೊಂಡವರಿಗೆ ಅದೇ ಇಷ್ಟವಾಯಿತು.

ನಾಲ್ಕನೆಯದು ಹೋದದ್ದು ರಿಪೇರಿ ತಲೆನೋವಿಗೆ. ಒಬ್ಬರೇ ನಡೆಸುವ ಕಾರ್ಯಾಗಾರ, ಯಂತ್ರ ಪೂರ್ತಿ ಅವರದೇ ವಿನ್ಯಾಸ. ಸರ್ವಿಸ್‌ಗೆ ಕಳಿಸಿದರೆ 14 ತಿಂಗಳು ಬರಲಿಲ್ಲ. ಈಗ ಕೊಳ್ಳುವ ಮೊದಲೇ ಕೇಳುತ್ತೇನೆ: ನಿಮ್ಮ ನಂತರ ಇದನ್ನು ಬಿಚ್ಚುವವರು ಯಾರು? ಕೇಳಲು ಮುಜುಗರ, ಆದರೂ ಕೇಳುತ್ತೇನೆ. ಬ್ರಿಟನ್ ಪಕ್ಕದ ದ್ವೀಪ ಐಲ್ ಆಫ್ ಮ್ಯಾನ್‌ನ ವಾಚ್‌ಮೇಕರ್ ಜಾರ್ಜ್ ಡೇನಿಯಲ್ಸ್ 2011ರಲ್ಲಿ ತೀರಿಕೊಂಡಾಗ ಅವರ ಕೆಲಸ ಬಲ್ಲ ರೋಜರ್ ಸ್ಮಿತ್ ಅದೇ ದ್ವೀಪದಲ್ಲಿದ್ದರು. ಎಲ್ಲರಿಗೂ ಅಂಥ ಶಿಷ್ಯ ಇರುವುದಿಲ್ಲ. ಹೊರಗಿನ ಕಂಪನಿಯ ಯಂತ್ರ ಹಾಕಿ ಡಯಲ್, ಮುಳ್ಳು, ಕೇಸು ಮಾತ್ರ ತಾವೇ ಮಾಡುವವರನ್ನು ಮೊದಲು ನಾನು ಕೀಳಾಗಿ ನೋಡುತ್ತಿದ್ದೆ. ಈಗ ಹಾಗಿಲ್ಲ. ಅಂಥ ವಾಚನ್ನು ಯಾವ ಒಳ್ಳೆಯ ರಿಪೇರಿಯವರೂ ಬಿಚ್ಚಬಲ್ಲರು. ಉಳಿದ ಮೂರರಲ್ಲಿ ಒಂದು ಅದೇ ಜಾತಿಯದು.

ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮುಂಗಡ ಕೊಡುವ ಮೊದಲು, ಈ ವಾಚಿನಲ್ಲಿ ಎಷ್ಟು ದುಡ್ಡು ಹೋದರೂ ಪರವಾಗಿಲ್ಲ ಅಂತ ಒಂದು ಮೊತ್ತ ಬರೆಯುತ್ತೇನೆ. ಏರಿದರೆ ಎಷ್ಟಕ್ಕೆ ಮಾರುತ್ತೇನೆ ಅನ್ನುವುದನ್ನು ಬರೆಯುವುದಿಲ್ಲ. ಮೊತ್ತ ಬರೆಯಲು ಕೈ ನಡುಗಿದರೆ ಆ ವಾಚು ನನಗಲ್ಲ. ಹೀಗೆ ಎರಡು ಬಿಟ್ಟಿದ್ದೇನೆ, ಅದರಲ್ಲಿ ಒಂದು ಆಮೇಲೆ ಚೆನ್ನಾಗಿ ಏರಿತು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ಕಳೆದ ತಿಂಗಳು ಒಂದಕ್ಕೆ ಮುಂಗಡ ಕೊಟ್ಟೆ. ಕೈಗೆ ಬರಲು ಮೂರು ವರ್ಷ. ನೋಟ್‌ಬುಕ್ಕಿನಲ್ಲಿ ಬರೆದ ಮೊತ್ತ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹೆಂಡತಿ ಅದನ್ನು ಓದಿ, "ಪರವಾಗಿಲ್ಲ ಅಂತ ನೀವು ಬರೆದಿದ್ದೀರಿ, ನಾನಲ್ಲ" ಅಂದಳು.