31ರಿಂದ 45ಕ್ಕೆ: ಎಚ್‌ಡಿಎಲ್ ಏರಿಸಿದ ನನ್ನ ಅನುಭವ

2024ರ ಫೆಬ್ರವರಿಯಲ್ಲಿ ಕೈಗೆ ಬಂದ ಲಿಪಿಡ್ ಪ್ರೊಫೈಲಿನಲ್ಲಿ (ರಕ್ತದ ಕೊಬ್ಬಿನ ಪರೀಕ್ಷೆ) ನನ್ನ ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟರಾಲ್, 45 ಇತ್ತು. ಎರಡು ವರ್ಷಗಳ ಹಿಂದೆ ಅದೇ ಲ್ಯಾಬಿನಲ್ಲಿ, ಅದೇ ರೀತಿ ಹನ್ನೆರಡು ಗಂಟೆ ಉಪವಾಸವಿದ್ದು ಕೊಟ್ಟ ರಕ್ತದಲ್ಲಿ ಅದು 31 ಇತ್ತು. ಈ ನಡುವೆ ನನಗೆ ಬುದ್ಧಿ ಹೇಳದವರಿಲ್ಲ. ನಮ್ಮ ಮನೆಯ ಡಾಕ್ಟರು "ನಿಮ್ಮದು ಹುಟ್ಟಿನಿಂದಲೇ ಕಡಿಮೆ, ಅದರ ಗೊಡವೆ ಬಿಡಿ, ಕೆಟ್ಟ ಕೊಲೆಸ್ಟರಾಲ್ ಎಲ್‌ಡಿಎಲ್ ನೋಡಿಕೊಳ್ಳಿ" ಎಂದಿದ್ದರು. ಡೊಂಬಿವಲಿಯಲ್ಲಿರುವ ನನ್ನ ಭಾವ, ಅವರೂ ಹೋಟೆಲಿನವರೇ, "ನಿಮ್ಮ ತಂದೆಯವರಿಗೂ ಹೀಗೆಯೇ ಇತ್ತಲ್ಲ ಮಾರಾಯ್ರೆ, ಬಾಳೆಗಿಡದಲ್ಲಿ ಹಲಸಿನಹಣ್ಣು ಬಿಡುವುದುಂಟೇ" ಎಂದು ನಕ್ಕಿದ್ದರು. ಆ ಭಾವನವರೇ ಈಗ ಪ್ರತಿ ಭಾನುವಾರ ಫೋನು ಮಾಡಿ ಏನು ಮಾಡಿದಿರಿ ಎಂದು ಕೇಳುತ್ತಿರುವುದರಿಂದ, ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಸಿಗುತ್ತದೆ ಎಂದುಕೊಂಡೆ. ಅಂಕಿಗಳನ್ನು ಬಹುಮಟ್ಟಿಗೆ ನೆನಪಿನಿಂದಲೇ ಕೊಡುತ್ತಿದ್ದೇನೆ; ಒಂದೆರಡು ಹೆಚ್ಚುಕಡಿಮೆ ಇರಬಹುದು.

ನಾನು ಮುಂಬೈಯ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ 27 ವರ್ಷಗಳಿಂದ ಕುಳಿತವನು, ಮನೆ ಮುಲುಂಡಿನಲ್ಲಿ. ಹೋಟೆಲು ಶುದ್ಧ ಸಸ್ಯಾಹಾರಿ, ಮನೆ ಹಾಗಲ್ಲ. 2022ರ ಜನವರಿಯಲ್ಲಿ, 52ನೆಯ ವಯಸ್ಸಿನಲ್ಲಿ, ಮೊದಲ ಪರೀಕ್ಷೆ ಮಾಡಿಸಿದಾಗ ಒಟ್ಟು ಕೊಲೆಸ್ಟರಾಲ್ 198, ರಕ್ತದಲ್ಲಿನ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ 286, ಎಚ್‌ಡಿಎಲ್ 31, ಎಲ್‌ಡಿಎಲ್ 110, ತೂಕ 82 ಕಿಲೋ. ಸಿಗರೇಟು ಬಿಟ್ಟು ಹತ್ತು ವರ್ಷಗಳಾಗಿದ್ದವು, ಆದ್ದರಿಂದ ಅದನ್ನು ಬಿಟ್ಟು ಎಚ್‌ಡಿಎಲ್ ಗಳಿಸುವ ಸುಲಭದ ದಾರಿ ನನಗೆ ಉಳಿದಿರಲಿಲ್ಲ. ಗಂಡಸರಿಗೆ 40 ಇರಬೇಕಾದ ಕಡೆ 31 ಇದ್ದುದೇ ನನ್ನ ಕಣ್ಣಿಗೆ ಕುಕ್ಕಿತು, ಟ್ರೈಗ್ಲಿಸರೈಡಿನ 286 ಕುಕ್ಕಲಿಲ್ಲ. ಮುಂದಿನ ಒಂದು ವರ್ಷ ನಾನು ಕಳೆದುಕೊಂಡದ್ದಕ್ಕೆಲ್ಲ ಈ ಒಂದು ತಪ್ಪೇ ಮೂಲ.

ಹೋಟೆಲಿನವನ ಬುದ್ಧಿಗೆ ತಕ್ಕಂತೆ, ಮಾಲು ಕಡಿಮೆ ಇದ್ದರೆ ಹೊರಗಿನಿಂದ ತರಿಸಿದರಾಯಿತು ಎಂದು ಮೊದಲು ಸಪ್ಲಿಮೆಂಟುಗಳಿಗೆ ಕೈಹಾಕಿದೆ. ದಿನಕ್ಕೆ ಎರಡು ಮೀನೆಣ್ಣೆಯ ಕ್ಯಾಪ್ಸೂಲು, ಬೆಳ್ಳುಳ್ಳಿ ಎಣ್ಣೆಯ ಮುತ್ತುಗಳು, ಮಸ್ಜಿದ್ ಬಂದರಿನ ಸಗಟು ಅಂಗಡಿಯಿಂದ ತಂದ ಅಕ್ರೋಟು. ಕ್ಯಾಪ್ಸೂಲಿನ ಡಬ್ಬಿಯ ಮುಂಭಾಗದಲ್ಲಿ ದಪ್ಪ ಅಕ್ಷರದಲ್ಲಿ 1000 ಮಿಲಿಗ್ರಾಂ ಎಂದಿರುತ್ತದೆ. ಹಿಂಭಾಗದ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದರೆ ಇಪಿಎ 180, ಡಿಎಚ್‌ಎ 120, ಅಂದರೆ ಕೆಲಸಕ್ಕೆ ಬರುವ ಒಮೆಗಾ-3 ಕೊಬ್ಬು ಮುನ್ನೂರೇ ಮಿಲಿಗ್ರಾಂ. ಟ್ರೈಗ್ಲಿಸರೈಡ್ ಇಳಿಯಬೇಕಾದರೆ ದಿನಕ್ಕೆ ಎರಡರಿಂದ ನಾಲ್ಕು ಗ್ರಾಂ ಬೇಕು. ನಾನು ತೆಗೆದುಕೊಳ್ಳುತ್ತಿದ್ದುದು ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು. ನಾಲ್ಕು ತಿಂಗಳು, ಸುಮಾರು ಎಂಟು ಸಾವಿರ ರೂಪಾಯಿ, ಎಚ್‌ಡಿಎಲ್ 32. ಅಕ್ರೋಟನ್ನು ಮಾತ್ರ ಮನೆಯವರೆಲ್ಲ ತಿಂದರು, ಅದು ನಷ್ಟವಲ್ಲ.

ಆಮೇಲಿನದು ನಯಾಸಿನ್, ಅಂದರೆ ವಿಟಮಿನ್ ಬಿ3ರ ಪ್ರಕರಣ. ಎಚ್‌ಡಿಎಲ್ ಏರಿಸುವುದರಲ್ಲಿ ಅದರಷ್ಟು ಜೋರಿನ ವಿಟಮಿನ್ ಇನ್ನೊಂದಿಲ್ಲ ಎಂಬುದು ನಿಜ. ಆದರೆ ಬಿ3 ಎಂದರೆ ಎಲ್ಲ ಒಂದೇ ಎಂದು ನಂಬಿ ನಾನು ಮೊದಲು ತಂದದ್ದು ನಯಾಸಿನಮೈಡ್. ಮುಖ ಕೆಂಪಾಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು, ನನಗೆ ಏನೂ ಆಗಲಿಲ್ಲವೆಂದು ಎರಡು ತಿಂಗಳು ಜಂಬಪಟ್ಟುಕೊಂಡೆ. ಏನೂ ಆಗದಿದ್ದುದಕ್ಕೆ ಕಾರಣ, ಅದು ಲಿಪಿಡ್ಡಿಗೆ ಏನೂ ಮಾಡದ ಜಾತಿ ಎಂಬುದು. ಮುಂದಿನ ಬಾರಿ ದುಬೈಯಿಂದ ಬರುತ್ತಿದ್ದ ಸಂಬಂಧಿಕರಲ್ಲಿ 'ಫ್ಲಶ್ ಇಲ್ಲದ ನಯಾಸಿನ್' (ಮುಖ ಕೆಂಪಾಗಿಸದ್ದು) ಎಂದು ತರಿಸಿದೆ, ಸುಮಾರು 1,900 ರೂಪಾಯಿ. ಅದೂ ಅಷ್ಟೇ, ಉರಿಯೂ ಇಲ್ಲ, ಫಲವೂ ಇಲ್ಲ. ಮೂರನೆಯ ಸಲ ಸಿಕ್ಕಿದ್ದು ನಿಜವಾದ ನಯಾಸಿನ್, ಅಂದರೆ ನಿಕೋಟಿನಿಕ್ ಆಮ್ಲ, 500 ಮಿಲಿಗ್ರಾಮಿನ ಮಾತ್ರೆ. ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಬೆಳಗಿನ ಸ್ಲೋ ಲೋಕಲ್ ಹತ್ತಿದೆ. ಘಾಟ್‌ಕೋಪರ್ ದಾಟುವಷ್ಟರಲ್ಲಿ ಕಿವಿಯ ತುದಿ ಜುಮುಗುಟ್ಟಿತು, ಕುರ್ಲಾ ಬರುವ ಹೊತ್ತಿಗೆ ಮುಖ, ಕುತ್ತಿಗೆ, ಎದೆಯೆಲ್ಲ ಮೆಣಸಿನ ಪುಡಿ ಹಚ್ಚಿದ ಹಾಗೆ ಉರಿದು ಕೆಂಪಾಯಿತು. ಎದುರಿಗೆ ನಿಂತಿದ್ದ ಹುಡುಗ "ಕಾಕಾ, ಬರಂ ವಾಟತ್ ನಾಹೀ ಕಾ?" (ಹುಷಾರಿಲ್ಲವೇ?) ಎಂದು ಎಬ್ಬಿಸಿ ನಿಲ್ಲಿಸಿ ಗಾಳಿ ಬರುವ ಬಾಗಿಲಿನ ಕಡೆಗೆ ಕರೆದೊಯ್ದ. ಬಳಿಕ ಊಟದ ನಡುವೆ ತೆಗೆದುಕೊಳ್ಳಲು ಕಲಿತೆ, ಉರಿ ಅರ್ಧಕ್ಕಿಳಿಯಿತು.

ನಿಧಾನವಾಗಿ ದಿನಕ್ಕೆ ಒಂದೂವರೆ ಗ್ರಾಮಿಗೆ ಏರಿಸಿದೆ. ಮೂರೂವರೆ ತಿಂಗಳ ಕೊನೆಗೆ ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 190. ಹೋಟೆಲಿನಲ್ಲಿ ಎಲ್ಲರಿಗೂ ಶೀರಾ ಮಾಡಿಸಿದೆ. ಮರುವಾರ ಡಾಕ್ಟರು ಉಳಿದ ಹಾಳೆಗಳನ್ನು ತಿರುವಿ ನೋಡಿದರು: ಖಾಲಿ ಹೊಟ್ಟೆಯ ಸಕ್ಕರೆ 102ರಿಂದ 118ಕ್ಕೆ ಹೋಗಿತ್ತು, ಯಕೃತ್ತಿನ ತೊಂದರೆ ತೋರಿಸುವ ಎಸ್‌ಜಿಪಿಟಿ ತೊಂಬತ್ತರ ಹತ್ತಿರ ಇತ್ತು. ಯಾರನ್ನೂ ಕೇಳದೆ ಅಷ್ಟು ಮಾತ್ರೆ ನುಂಗಿದ್ದಕ್ಕೆ ಅವರು ಬೈದ ಬೈಗುಳಕ್ಕೆ ನಾನು ಅರ್ಹನಾಗಿದ್ದೆ, ಅಂದೇ ನಿಲ್ಲಿಸಿದೆ. ಒಂದೂವರೆ ತಿಂಗಳಲ್ಲಿ ಎಚ್‌ಡಿಎಲ್ ಮತ್ತೆ 33.

ಬಿ.ಫಾರ್ಮ ಓದುತ್ತಿದ್ದ ನನ್ನ ಮಗಳು ಡಾಕ್ಟರು ಬೈದ ಆ ಸಂಜೆ ಇನ್ನೂ ದೊಡ್ಡ ಏಟು ಕೊಟ್ಟಳು. ಅಮೆರಿಕ, ಕೆನಡಾಗಳಲ್ಲಿ ನಡೆದ ಏಮ್-ಹೈ ಎಂಬ ಪ್ರಯೋಗದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ, ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಜೊತೆಗೆ ನಯಾಸಿನ್ ಕೊಟ್ಟು ಎಚ್‌ಡಿಎಲ್ಲನ್ನು 35ರಿಂದ 42ಕ್ಕೆ ಏರಿಸಿದರೂ ಹೃದಯಾಘಾತ ಕಡಿಮೆಯಾಗದೆ 2011ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರಂತೆ. ಅದಕ್ಕಿಂತ ಮೊದಲು, 2006ರಲ್ಲಿ, ಎಚ್‌ಡಿಎಲ್ಲನ್ನು ಶೇಕಡಾ 70ರಷ್ಟು ಏರಿಸಿದ ಟಾರ್ಸೆಟ್ರಾಪಿಬ್ ಎಂಬ ಔಷಧಿಯನ್ನು, ತೆಗೆದುಕೊಂಡವರಲ್ಲೇ ಸಾವು ಹೆಚ್ಚಾದ ಕಾರಣ ಕೈಬಿಟ್ಟರಂತೆ. "ಪಪ್ಪಾ, ಅಂಕಿ ಏರಿಸುವುದು ಬೇರೆ, ರೋಗ ತಡೆಯುವುದು ಬೇರೆ" ಎಂದಳು. ಫೀಸು ಕಟ್ಟಿದ್ದು ಸಾರ್ಥಕವಾಯಿತು ಎನಿಸಿದರೂ ನಾನು ಆಗ ಒಪ್ಪಿಕೊಳ್ಳಲಿಲ್ಲ.

ನಡುವೆ ಎರಡು ತಿಂಗಳು ತೆಂಗಿನೆಣ್ಣೆಯ ಪ್ರಯೋಗವನ್ನೂ ಮಾಡಿದೆ. ನಮ್ಮ ಕಡೆಯವರಿಗೆ ತೆಂಗಿನೆಣ್ಣೆಯ ಮೇಲೆ ಮಾತು ಬಂದರೆ ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ಆದರೆ ಊರಿನ ಗಾಣದ ಎಣ್ಣೆಯಲ್ಲೇ ಎಲ್ಲ ಅಡುಗೆ ಮಾಡಿಸಿದಾಗ ಎಚ್‌ಡಿಎಲ್ ಮೂರು ಅಂಶ ಏರಿ 36 ಆಯಿತು, ಎಲ್‌ಡಿಎಲ್ 112ರಿಂದ 141ಕ್ಕೆ ಏರಿತು. ಮೂರು ಗಳಿಸಲು ಇಪ್ಪತ್ತೊಂಬತ್ತು ಕೊಡುವ ವ್ಯಾಪಾರವನ್ನು ಯಾವ ಹೋಟೆಲಿನವನೂ ಮಾಡಲಾರ. ಈಗ ಒಗ್ಗರಣೆಗೆ ಮಾತ್ರ ಇಟ್ಟುಕೊಂಡಿದ್ದೇನೆ. ದಿನಕ್ಕೊಂದು ಪೆಗ್ ಹಾಕಿದರೆ ಏರುತ್ತದೆ ಎಂದ ಸ್ನೇಹಿತರ ಮಾತನ್ನು, ಟ್ರೈಗ್ಲಿಸರೈಡ್ ಅಷ್ಟಿರುವಾಗ, ಪರೀಕ್ಷಿಸಲು ಹೋಗಲಿಲ್ಲ.

2023ರ ಮಾರ್ಚಿನಲ್ಲಿ ಒಂದು ರಾತ್ರಿ ಶಟರ್ ಎಳೆದ ಮೇಲೆ, ಅಲ್ಲಿಯವರೆಗಿನ ಎಲ್ಲ ರಿಪೋರ್ಟುಗಳನ್ನು ಬಾಕಿ ಬಿಲ್ಲುಗಳ ಹಾಗೆ ಮೇಜಿನ ಮೇಲೆ ಸಾಲಾಗಿ ಹರಡಿದೆ. ತೆಂಗಿನೆಣ್ಣೆಯದೊಂದನ್ನು ಬಿಟ್ಟರೆ, ಎಚ್‌ಡಿಎಲ್ ಏರಿದ್ದ ಕಡೆಯಲ್ಲೆಲ್ಲ ಟ್ರೈಗ್ಲಿಸರೈಡ್ ಇಳಿದಿತ್ತು. ನಾನು ಇಷ್ಟು ದಿನ ತಕ್ಕಡಿಯ ಒಂದು ತಟ್ಟೆಯನ್ನು ಕೈಯಿಂದ ಎತ್ತಲು ಹೆಣಗುತ್ತಿದ್ದೆ; ಇನ್ನೊಂದರಲ್ಲಿ ಏನಿದೆ ಎಂದು ನೋಡಿರಲಿಲ್ಲ. ಅದರಲ್ಲಿದ್ದದ್ದು ಟ್ರೈಗ್ಲಿಸರೈಡ್, ಅದನ್ನು ಏರಿಸುತ್ತಿದ್ದುದು ಸಕ್ಕರೆ ಎಂದು ತಿಳಿಯಲು ಡಾಕ್ಟರು ಬೇಕಿರಲಿಲ್ಲ. ಮರುದಿನ ಚಹಾದ ಹುಡುಗನಿಗೆ, ನನ್ನ ಚಹಾಕ್ಕೆ ಸಕ್ಕರೆ ಹಾಕಬೇಡ, ಪ್ರತಿ ಕಪ್ಪಿಗೂ ಹಾಕುವಷ್ಟನ್ನೇ ಈ ಸ್ಟೀಲ್ ಡಬ್ಬಿಗೆ ಹಾಕು ಎಂದೆ. ಅವನು ಲೆಕ್ಕ ತಪ್ಪಿಸದೆ ಹಾಕಿದ. ರಾತ್ರಿ ಅಡುಗೆಮನೆಯ ತೂಕದ ಯಂತ್ರದ ಮೇಲೆ ಡಬ್ಬಿಯನ್ನಿಟ್ಟು, ಖಾಲಿ ಡಬ್ಬಿಯ ತೂಕ ಕಳೆದಾಗ 130 ಗ್ರಾಂ. ಹನ್ನೆರಡು ಕಪ್ಪು ಕುಡಿಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ತಿಂಗಳಿಗೆ ಸುಮಾರು ನಾಲ್ಕು ಕಿಲೋ ಸಕ್ಕರೆ, ಅದೂ ಒಬ್ಬನಿಗೆ! ಅಡುಗೆಯ ಭಟ್ಟರು ಡಬ್ಬಿಯೊಳಗೆ ಇಣುಕಿ ನೋಡಿ, "ಇಷ್ಟರಲ್ಲಿ ಒಂದು ಸಣ್ಣ ಪೂಜೆಯ ಪ್ರಸಾದ ಆಗುತ್ತಿತ್ತು ಧಣಿಗಳೇ" ಎಂದರು.

ಸಕ್ಕರೆಯನ್ನು ಆ ದಿನದಿಂದಲೇ ಬಿಟ್ಟೆ. ಚಹಾ ನಾಲ್ಕು ಕಟಿಂಗಿಗೆ (ಅರ್ಧ ಲೋಟ) ಇಳಿಯಿತು. ಚಹಾದ ಜೊತೆಗಿನ ಖಾರಿ ಬಿಸ್ಕೀಟು ಮತ್ತು ಸಂಜೆಯ ಬನ್ಸ್ ತಾವಾಗಿಯೇ ಹೋದವು. ಕಷ್ಟವಾದದ್ದು ರಾತ್ರಿಯ ಅನ್ನ. ಹೋಟೆಲು ಮುಚ್ಚಿ, ರಾತ್ರಿಯ ರೈಲಿನಲ್ಲಿ ಮನೆ ಸೇರಿ, ಹನ್ನೊಂದೂವರೆಗೆ ಕುಚ್ಚಲಕ್ಕಿ ಅನ್ನ ಸಾರು ಉಂಡು ಮಲಗುವುದು ನಮ್ಮ ಕಸುಬಿನವರೆಲ್ಲರ ಪದ್ಧತಿ. ಅದನ್ನು ಸಂಜೆ ಏಳೂವರೆಗೆ ಹೋಟೆಲಿನಲ್ಲಿಯೇ ಹೆಸರುಕಾಳಿನ ಉಸಳಿ, ಪಲ್ಯ, ಒಂದು ಜೋಳದ ರೊಟ್ಟಿಗೆ ಬದಲಾಯಿಸಿದೆ. ಮೊದಲ ಹತ್ತು ದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಫ್ರಿಜ್ಜಿನ ಬಾಗಿಲು ಕರೆಯುತ್ತಿತ್ತು. ಆ ಹತ್ತು ದಿನ ಹೇಗೆ ದಾಟಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಮತ್ತು ನನ್ನ ಹೆಂಡತಿಯ ನಡುವಿನ ಒಪ್ಪಂದ. ಬೆಳಿಗ್ಗೆ ಒಂದು ಸ್ಟೇಷನ್ ಮೊದಲು, ಸಾಯನ್ನಿನಲ್ಲಿಯೇ ಇಳಿದು ಮಾಟುಂಗದವರೆಗೆ ಬಿರುಸಾಗಿ ನಡೆಯುವುದನ್ನೂ ಸೇರಿಸಿಕೊಂಡೆ.

ವಾರದಲ್ಲಿ ನಾಲ್ಕು ದಿನ ಬಂಗುಡೆ ಅಥವಾ ಬೂತಾಯಿ ಮೀನು. ಹುರಿದದ್ದಲ್ಲ, ಹುಳಿ-ಮೆಣಸಿನ ಗಸಿ, ಪುಳಿಮುಂಚಿ. ಮುಲುಂಡಿನ ಮಾರುಕಟ್ಟೆಯ ಮೀನುಗಾರ್ತಿಯರು ತಾರ್ಲಿ ಎಂದು ಕರೆಯುವ ಈ ಬೂತಾಯಿಯನ್ನು ಪಾಪ್ಲೆಟ್ ಕೊಳ್ಳುವವರು ತಿರುಗಿಯೂ ನೋಡುವುದಿಲ್ಲ. ನೂರು ನೂರೈವತ್ತು ರೂಪಾಯಿಗೆ ಇಬ್ಬರಿಗೆ ಸಾಕಾಗುವಷ್ಟು ಸಿಗುತ್ತದೆ, ಮತ್ತು ಒಂದು ಊಟದ ಬೂತಾಯಿಯಲ್ಲಿ ನನ್ನ ಹಳೆಯ ಕ್ಯಾಪ್ಸೂಲು ನಾಲ್ಕೈದರಷ್ಟು ಒಮೆಗಾ ಇರುತ್ತದೆ. ಜೂನ್, ಜುಲೈಯಲ್ಲಿ ಮಹಾರಾಷ್ಟ್ರದ ಸಮುದ್ರದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಅಗಸೆಬೀಜದ ಚಟ್ನಿಪುಡಿ. ಅಗಸೆಯ ಒಮೆಗಾ ಮೀನಿನದಕ್ಕೆ ಸಮವಲ್ಲ, ದೇಹ ಅದರಲ್ಲಿ ಅಲ್ಪ ಭಾಗವನ್ನಷ್ಟೇ ಮೀನಿನಲ್ಲಿರುವ ರೂಪಕ್ಕೆ ಬದಲಾಯಿಸಿಕೊಳ್ಳುತ್ತದೆ ಎಂಬುದು ನನಗೂ ಗೊತ್ತು. ಆದರೆ ಅದಿದ್ದರೆ ಅನ್ನವಿಲ್ಲದ ಊಟ ಸೇರುತ್ತದೆ. ಪುಡಿಯ ಪ್ರಮಾಣವನ್ನು ಕೇಳಬೇಡಿ. ಅದು ಭಟ್ಟರ ಸೊತ್ತು, ನನಗೂ ಪೂರ್ತಿ ಹೇಳಿಲ್ಲ.

ಮೂರು ತಿಂಗಳಿಗೆ ತೂಕ 76ಕ್ಕೆ ಇಳಿಯಿತು. ಹೆಮ್ಮೆಯಿಂದ ರಕ್ತ ಕೊಟ್ಟೆ. ಎಚ್‌ಡಿಎಲ್ 30! ಶುರುಮಾಡಿದ್ದಕ್ಕಿಂತಲೂ ಒಂದು ಕಡಿಮೆ. ಭಾವನವರು ಫೋನಿನಲ್ಲಿ ಒಂದು ನಿಮಿಷ ಬಿಡದೆ ನಕ್ಕರು, ಡಾಕ್ಟರು "ಹೇಳಿದ್ದೆನಲ್ಲ" ಎಂದರು. ನನ್ನ ಹಾಗೆ ಪ್ರಯತ್ನಿಸಿದ ಹಲವರು ಕೈಚೆಲ್ಲುವುದು ಈ ಹಂತದಲ್ಲಿಯೇ ಎಂದು ನನ್ನ ಅನಿಸಿಕೆ. ತೂಕ ಇಳಿಯುತ್ತಿರುವ ಕಾಲದಲ್ಲಿ ಎಚ್‌ಡಿಎಲ್ ತಾನೂ ಸ್ವಲ್ಪ ಇಳಿಯುತ್ತದೆ, ತೂಕ ಒಂದು ಕಡೆ ನಿಂತ ಮೇಲೆಯೇ ಅದು ಏರಲು ತೊಡಗುತ್ತದೆ ಎಂಬುದನ್ನು ಮಗಳು ಹುಡುಕಿ ತೋರಿಸದೇ ಇದ್ದಿದ್ದರೆ ನಾನೂ ಅಂದೇ ಎರಡು ಬನ್ಸ್ ತರಿಸುತ್ತಿದ್ದೆ. ಅದೇ ಹಾಳೆಯಲ್ಲಿ ಟ್ರೈಗ್ಲಿಸರೈಡ್ 170 ಇದ್ದುದು ನನಗಿದ್ದ ಒಂದೇ ಧೈರ್ಯ. ಸೆಪ್ಟೆಂಬರಿನಲ್ಲಿ ತೂಕ 72ಕ್ಕೆ ಬಂದು ನಿಂತಿತು. ಅಕ್ಟೋಬರಿನಲ್ಲಿ ಎಚ್‌ಡಿಎಲ್ 38, ಫೆಬ್ರವರಿಯಲ್ಲಿ 45. ಟ್ರೈಗ್ಲಿಸರೈಡ್ 104, ಎಲ್‌ಡಿಎಲ್ 114. ಸಕ್ಕರೆ ಮತ್ತು ಎಸ್‌ಜಿಪಿಟಿ ಎರಡೂ ಸರಿಯಾಗಿದ್ದವು, ಪ್ಯಾಂಟು ಎರಡು ಸಲ ಟೈಲರನ ಬಳಿ ಹೋಗಿ ಬಂತು. ಎಲ್‌ಡಿಎಲ್ ಇಳಿಯಲಿಲ್ಲ ಎಂದು ಡಾಕ್ಟರು ತೋರಿಸಿದ್ದನ್ನೂ ಹೇಳಬೇಕು. ಅದರ ಮಾತುಕತೆ ಅವರೊಡನೆ ಬೇರೆಯೇ ನಡೆದಿದೆ.

ಪರೀಕ್ಷೆಯ ಬಗ್ಗೆ ಒಂದು ಮಾತು. ಒಮ್ಮೆ ಅನುಮಾನ ಬಂದು ಒಂದೇ ಬೆಳಿಗ್ಗೆ ಎರಡು ಲ್ಯಾಬುಗಳಲ್ಲಿ ರಕ್ತ ಕೊಟ್ಟಿದ್ದೆ. ಒಂದರಲ್ಲಿ 33, ಇನ್ನೊಂದರಲ್ಲಿ 38 ಬಂತು. ಲ್ಯಾಬು ಬದಲಾಯಿಸಿ ಐದು ಅಂಶ ಏರಿತೆಂದು ಸಂಭ್ರಮಿಸುವವರನ್ನು ನೋಡಿದರೆ ನನಗೆ ಆ ದಿನ ನೆನಪಾಗುತ್ತದೆ. ಜ್ವರ ಬಂದು ಹೋದ ವಾರದಲ್ಲಿಯೂ ಕೊಡಬಾರದು, ಆಗ ಎಚ್‌ಡಿಎಲ್ ಇಳಿದೇ ಇರುತ್ತದೆ. ಒಟ್ಟು ಖರ್ಚು ಸುಮಾರು 25 ಸಾವಿರ. ಅದರಲ್ಲಿ ಪರೀಕ್ಷೆಗೆ ಹೋದ ಆರೇಳು ಸಾವಿರ ಬಿಟ್ಟರೆ ಉಳಿದದ್ದು ಬಹುತೇಕ ಡಬ್ಬಿಗಳಿಗೆ. ಕೆಲಸ ಮಾಡಿದ ಭಾಗಕ್ಕೆ ಖರ್ಚೇ ಇರಲಿಲ್ಲ, ಸಕ್ಕರೆಯೇ ಉಳಿಯಿತು.

ಬರುವ ಜೂನ್ 1ರಿಂದ ಮೀನು ನಿಲ್ಲುತ್ತದೆ. ಈ ಬಾರಿ ಮಂಜುಗಡ್ಡೆಯ ಮೀನನ್ನೂ ತರದೆ, ಎರಡು ತಿಂಗಳು ಬರೀ ಉಸಳಿ ಮತ್ತು ಅಗಸೆಪುಡಿಯ ಮೇಲಿದ್ದು ಆಗಸ್ಟ್ ಮೊದಲ ವಾರ ರಕ್ತ ಕೊಡುತ್ತೇನೆ. ಟ್ರೈಗ್ಲಿಸರೈಡ್ 130 ದಾಟಿಯೇ ದಾಟುತ್ತದೆ ಎಂದು ಭಾವನವರು 500 ರೂಪಾಯಿ ಪಂಥ ಕಟ್ಟಿದ್ದಾರೆ. ನಾನು ಒಪ್ಪಿದ್ದೇನೆ, ಆದರೆ ಅವರೂ ಅದೇ ದಿನ, ಅದೇ ಲ್ಯಾಬಿನಲ್ಲಿ ಕೊಡಬೇಕೆಂಬ ಷರತ್ತು ಹಾಕಿದ್ದೇನೆ.