ಪರೀಕ್ಷೆ ಮೊದಲು, ಪಾಲಿಸಿ ಆಮೇಲೆ: ಆಮವಾತದ ಜೊತೆ ನನ್ನ ಅನುಭವ

ಗಂಟುನೋವಿಗೆ ಪರೀಕ್ಷೆ ಮಾಡಿಸುವ ಮೊದಲೇ ಆರೋಗ್ಯ ವಿಮೆ ಮಾಡಿಸಿಕೊಂಡುಬಿಡಬೇಕು, ಕಾಯಿಲೆಯ ಹೆಸರು ಒಮ್ಮೆ ಕಾಗದದ ಮೇಲೆ ಬಂತೆಂದರೆ ಯಾವ ಕಂಪನಿಯೂ ಹತ್ತಿರ ಸೇರಿಸುವುದಿಲ್ಲ ಎಂಬ ಮಾತನ್ನು ಶಿರಸಿ ಸೀಮೆಯಲ್ಲಿ ನನಗೆ ಹೇಳದವರಿಲ್ಲ. ಊರಿನ ಏಜೆಂಟರು ಹೇಳಿದರು, ನನಗಿಂತ ಮೊದಲೇ ಇದೇ ಕಾಯಿಲೆಗೆ ಬಿದ್ದಿದ್ದ ಗೆಳತಿಯರು ಹೇಳಿದರು, ಬ್ಯಾಂಕಿನಲ್ಲಿರುವ ಮೈದುನನಂತೂ “ಅತ್ತಿಗೆ, ಸುಮ್ಮನೆ ದಾಖಲೆ ಹುಟ್ಟಿಸಿಕೊಳ್ಳಬೇಡಿ” ಎಂದು ಬಂದಾಗಲೆಲ್ಲ ಎಚ್ಚರಿಸಿದ. ನಾನು ಮಾಡಿದ್ದು ಇದಕ್ಕೆ ಪೂರಾ ವಿರುದ್ಧ. ಮೊದಲು ರೋಗವನ್ನು ಖಚಿತಪಡಿಸಿಕೊಂಡೆ, ಅನಂತರ ಒಂದಕ್ಷರವನ್ನೂ ಮುಚ್ಚಿಡದೆ ವಿಮೆಗೆ ಅರ್ಜಿ ಹಾಕಿದೆ. 2025ರ ಮಳೆಗಾಲದಲ್ಲಿ ಕಂಪನಿ ನನ್ನ ಆಸ್ಪತ್ರೆಯ ಬಿಲ್ಲನ್ನು ತುಂಬಿದ ಮೇಲೆ ಅದೇ ಮೈದುನ ತನ್ನ ಅತ್ತೆಯವರ ಫೈಲು ಹಿಡಿದು ನಮ್ಮ ಮನೆಗೆ ಬಂದ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಆಮವಾತವೆಂದರೆ ರುಮಟಾಯ್ಡ್ ಆರ್ಥ್ರೈಟಿಸ್, ದೇಹದ ರೋಗನಿರೋಧಕ ಶಕ್ತಿಯೇ ಗಂಟುಗಳ ಮೇಲೆ ತಿರುಗಿಬೀಳುವ ಕಾಯಿಲೆ.

ನೋವು ಶುರುವಾದದ್ದು 2023ರ ಅಡಿಕೆ ಕೊಯ್ಲಿನ ಹೊತ್ತಿಗೆ. ಮೆಟ್ಟುಗತ್ತಿಯ ಮುಂದೆ ಕೂತು ದಿನವಿಡೀ ಹಸಿ ಅಡಿಕೆ ಸುಲಿಯುವವರಿಗೆ ಬೆರಳು ನೋಯುವುದು ಹೊಸದೇನಲ್ಲ, ಹಾಗಾಗಿ ಮನೆಯಲ್ಲಿ ಎಲ್ಲರೂ ಸುಲಿತದ ಮೇಲೆಯೇ ತಪ್ಪು ಹೊರಿಸಿದರು. ನನಗೆ ಮಾತ್ರ ಅನುಮಾನವಿತ್ತು. ಕೆಲಸದ ನೋವು ಸಂಜೆಗೆ ಏರಿ, ಮಲಗಿ ಎದ್ದರೆ ಇಳಿಯಬೇಕು. ನನ್ನದು ಬೆಳಿಗ್ಗೆಯೇ ಗರಿಷ್ಠ ಮಟ್ಟದಲ್ಲಿದ್ದು, ಕೈ ಆಡಿಸಿದಷ್ಟೂ ಸಡಿಲವಾಗುತ್ತಿತ್ತು. ಅದೂ ಅಲ್ಲದೆ ಎರಡೂ ಪಾದಗಳಲ್ಲಿ, ಹೆಬ್ಬೆರಳನ್ನು ಬಿಟ್ಟು ಉಳಿದ ಬೆರಳುಗಳ ಬುಡ ಒತ್ತಿದರೆ ಜೀವ ಹೋದಂತಾಗುತ್ತಿತ್ತು, ಕಾಲಿನಿಂದ ಯಾರೂ ಅಡಿಕೆ ಸುಲಿಯುವುದಿಲ್ಲವಲ್ಲ.

ಮೊದಲ ಕೆಲವು ತಿಂಗಳು ದುಡ್ಡು ಹೋದದ್ದೇ ಬಂತು. ಯೂರಿಕ್ ಆಮ್ಲ ನೋಡಿದರು, ಸರಿಯಿತ್ತು. ಮಂಡಿಯ ಎಕ್ಸ್‌ರೇ ತೆಗೆಸಿದರು, ನೋವಿದ್ದದ್ದು ಕೈಯಲ್ಲಿ. ತೈಲ, ಕಷಾಯ, ಶಾಖದ ಯಂತ್ರ, ಯಾರೋ ಹೇಳಿದ ತಾಮ್ರದ ಬಳೆ ಎಲ್ಲ ಸೇರಿ ಇಪ್ಪತ್ತೆರಡು, ಇಪ್ಪತ್ಮೂರು ಸಾವಿರ ರೂಪಾಯಿ ಕರಗಿರಬೇಕು. ಆಮವಾತದ ಪತ್ತೆಗೆಂದು ಮಾಡುವ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ನೆಗೆಟಿವ್ ಬಂದ ದಿನ ಒಬ್ಬ ವೈದ್ಯರು “ನಿಮಗೆ ವಾತವಿಲ್ಲ, ನಿಶ್ಚಿಂತರಾಗಿರಿ” ಎಂದು ಕಳಿಸಿಬಿಟ್ಟರು. ಅದೇ ಚೀಟಿಯಲ್ಲಿ, ಮೈಯಲ್ಲಿ ಉರಿಯೂತವಿದ್ದರೆ ಏರುವ ಇಎಸ್‌ಆರ್ ಅರವತ್ತರ ಮೇಲಿತ್ತು, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಆಮವಾತವಿದ್ದವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬರುತ್ತದೆ, ರೋಗವಿಲ್ಲದ ಕೆಲವು ವಯಸ್ಸಾದವರಿಗೆ ಪಾಸಿಟಿವ್ ಬರುವುದೂ ಉಂಟು. ಇದೊಂದೇ ಚೀಟಿಯನ್ನು ನಂಬಿ ನೆಮ್ಮದಿಯಿಂದ ಕೂತವರನ್ನು ನಾನು ಬಲ್ಲೆ, ಅವರ ಬೆರಳುಗಳನ್ನೂ ನೋಡಿದ್ದೇನೆ.

ಇನ್ನೊಂದು ಅಡ್ಡಿ ಪೊಟ್ಟಣದ ಮಾತ್ರೆಗಳದು. ಹೆಸರಿಲ್ಲದೆ ಕಟ್ಟಿಕೊಡುವ ಆ ಸಣ್ಣ ಬಿಳಿ ಮಾತ್ರೆ ಎಷ್ಟೋ ಸಲ ಸ್ಟೀರಾಯ್ಡ್ ಆಗಿರುತ್ತದೆ. ತಿಂದ ಎರಡನೇ ದಿನಕ್ಕೆ ಊತ ಇಳಿಯುತ್ತದೆ, ತಜ್ಞರ ಮುಂದೆ ಕೂತಾಗ ತೋರಿಸಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕಾಗಿ ನಾನೊಂದು ಕ್ರಮ ಮಾಡಿಕೊಂಡೆ. ದಿನವೂ ಎದ್ದ ಕೂಡಲೆ ಎರಡೂ ಕೈಗಳನ್ನು ಗೋಡೆಯ ಕ್ಯಾಲೆಂಡರಿನ ಕೆಳಗೆ ಹಿಡಿದು ಮಗಳಿಂದ ಫೋಟೋ ತೆಗೆಸುತ್ತಿದ್ದೆ. ಎದ್ದದ್ದು ಎಷ್ಟು ಗಂಟೆಗೆ, ಮುಷ್ಟಿ ಪೂರ್ತಿ ಮುಚ್ಚಿದ್ದು ಎಷ್ಟಕ್ಕೆ, ಹಾಲು ಕರೆಯಲು ಆದದ್ದು ಎಷ್ಟಕ್ಕೆ ಎಂದು ಪಟ್ಟಿಯಲ್ಲಿ ಬರೆದಿಟ್ಟೆ. ಮಾವನವರ ಹಳೆಯ ಬಿಪಿ ಯಂತ್ರದ ಪಟ್ಟಿಯನ್ನು ಸುರುಳಿ ಸುತ್ತಿ, ಇಪ್ಪತ್ತರವರೆಗೆ ಗಾಳಿ ತುಂಬಿ, ಮುಷ್ಟಿಯಲ್ಲಿ ಹಿಸುಕಿ ಮುಳ್ಳು ಎಲ್ಲಿಯವರೆಗೆ ಏರುತ್ತದೆಂದೂ ಗುರುತು ಮಾಡಿಕೊಂಡೆ. ಹಿಂದಿನ ಕಾಲದ ಸಂಧಿವಾತ ತಜ್ಞರು ಕೈಬಲ ಅಳೆಯುತ್ತಿದ್ದದ್ದು ಹೀಗೆಯೇ. ಕೆಟ್ಟ ದಿನಗಳಲ್ಲಿ ಬಲಗೈ ಅರವತ್ತರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಮನೆಯವರು ನಕ್ಕರು, ಹುಬ್ಬಳ್ಳಿಯ ತಜ್ಞರು ಮಾತ್ರ ಆ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ನಕಲು ತೆಗೆಸಿ ಇಟ್ಟುಕೊಂಡರು. ಪೊಟ್ಟಣದ ಮಾತ್ರೆಯನ್ನು ವಾರಗಟ್ಟಲೆ ತಿಂದವರು ತಾವಾಗಿ ಥಟ್ಟನೆ ನಿಲ್ಲಿಸಬಾರದು, ಅದನ್ನು ಇಳಿಸುವ ಕ್ರಮವನ್ನು ವೈದ್ಯರೇ ಹೇಳಬೇಕು.

ತಜ್ಞರು ಮೊದಲು ಕೇಳಿದ್ದು ಚಿಕೂನ್‌ಗುನ್ಯಾ ಬಂದಿತ್ತೇ ಎಂದು. 2006ರ ಆ ದೊಡ್ಡ ಹಾವಳಿಯನ್ನು ಕಂಡ ನಮಗೆ ಅದರ ಗಂಟುನೋವು ತಿಂಗಳುಗಟ್ಟಲೆ ಕಾಡುವುದು ಗೊತ್ತು, ನೋಡಲು ಆಮವಾತದಂತೆಯೇ ಇರುತ್ತದೆ. ನನಗೆ ಜ್ವರವೇ ಬಂದಿರಲಿಲ್ಲ, ಪರೀಕ್ಷೆಯೂ ನೆಗೆಟಿವ್ ಬಂತು. ಆಮೇಲೆ ಅವರು ಆಮವಾತವನ್ನು ಗುರುತಿಸಲು ತಜ್ಞರು ಬಳಸುವ 2010ರ ಅಂಕಪಟ್ಟಿಯ ಪ್ರಕಾರ ಲೆಕ್ಕ ಹಾಕಿದರು. ನಾಲ್ಕರಿಂದ ಹತ್ತು ಸಣ್ಣ ಗಂಟುಗಳಿಗೆ ಮೂರು ಅಂಕ, ಆರು ವಾರ ದಾಟಿದ್ದಕ್ಕೆ ಒಂದು, ಇಎಸ್‌ಆರ್ ಏರಿದ್ದಕ್ಕೆ ಒಂದು, ಒಟ್ಟು ಐದು. ಬೇಕಾದದ್ದು ಆರು. ಆಮವಾತವನ್ನು ಹೆಚ್ಚು ಖಚಿತವಾಗಿ ತೋರಿಸುವ ರಕ್ತಪರೀಕ್ಷೆಯಾದ ಆಂಟಿ ಸಿಸಿಪಿ ಮಾಡಿಸಿದೆವು, ಸುಮಾರು 1,400 ರೂಪಾಯಿ. ಫಲಿತಾಂಶ ಮಿತಿಯ ಎಷ್ಟೋ ಪಟ್ಟು ಮೇಲೆ ಬಂದು, ಅದಕ್ಕೇ ಮೂರು ಅಂಕ ಸಿಕ್ಕಿ ಲೆಕ್ಕ ಎಂಟಕ್ಕೆ ಹೋಯಿತು. ಮೊದಲ ದಿನವೇ ಆ 1,400 ಖರ್ಚು ಮಾಡಿದ್ದರೆ ಇಪ್ಪತ್ತು ಸಾವಿರ ಉಳಿಯುತ್ತಿತ್ತು. ಆದರೆ ಅದನ್ನು ಬರೆದುಕೊಡುವವರು ಊರಲ್ಲಿ ಸಿಗಬೇಕಲ್ಲ. ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ ಮತ್ತು ಸಿ, ಯಕೃತ್ತಿನ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಆಮವಾತದ ಮುಖ್ಯ ಔಷಧಿಯಾದ ಮೆಥೊಟ್ರೆಕ್ಸೇಟ್ ಶುರುವಾಯಿತು. ವಾರಕ್ಕೊಂದೇ ದಿನದ ಗುಳಿಗೆ ಅದು. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಭಾನುವಾರವೆಂದು ಬರೆದಿಟ್ಟಿದ್ದೇನೆ.

ಈಗ ವಿಮೆಯ ವಿಷಯ. ಮೈದುನನ ಸಲಹೆಯಂತೆ ಮೊದಲು ಪಾಲಿಸಿ ಕೊಂಡು, ಹೊಸ ಪಾಲಿಸಿಗೆ ಆರಂಭದಲ್ಲಿ ಕಾಯಬೇಕಾದ ಮೂವತ್ತು ದಿನ ಕಳೆದು, ಆಮೇಲೆ ಪರೀಕ್ಷೆ ಮಾಡಿಸಿದ್ದರೆ ಏನಾಗುತ್ತಿತ್ತು? ಪಾಲಿಸಿಗಿಂತ ಹಿಂದಿನ 36 ತಿಂಗಳಲ್ಲಿ ಪತ್ತೆಯಾದ ಕಾಯಿಲೆ ಮಾತ್ರವಲ್ಲ, ಆ ಅವಧಿಯಲ್ಲಿ ವೈದ್ಯರ ಸಲಹೆಯನ್ನೋ ಚಿಕಿತ್ಸೆಯನ್ನೋ ಪಡೆದದ್ದೂ ಮೊದಲೇ ಇದ್ದ ಕಾಯಿಲೆಯ ಲೆಕ್ಕಕ್ಕೆ ಸೇರುತ್ತದೆ. ನಾನು ಆಗಲೇ ಊರಿನ ವೈದ್ಯರಿಂದ ಮಾತ್ರೆ ತಿಂದಾಗಿತ್ತು. ಹೆಸರಿಲ್ಲದ ನೋವು ಎಂಬ ಕಾರಣಕ್ಕೆ ಅದು ಲೆಕ್ಕದ ಹೊರಗೆ ಉಳಿಯುವುದಿಲ್ಲ. ಐದು ವರ್ಷ ಕಳೆದರೆ ಕಂಪನಿ ಹಳೆಯದನ್ನು ಕೆದಕುವಂತಿಲ್ಲ ಎಂದು ಏಜೆಂಟರು ಹೇಳುವುದು ಅರ್ಧ ಸತ್ಯ. 2024ರ ಏಪ್ರಿಲ್‌ನಿಂದ ಆ ಅವಧಿ 60 ತಿಂಗಳಿಗೆ ಇಳಿದದ್ದು ನಿಜ. ಆದರೆ ವಂಚನೆ ಸಾಬೀತಾದರೆ ಆ ರಕ್ಷಣೆ ಇಲ್ಲ. ಅದೂ ಇರಲಿ, ಔಷಧಿಯಿಲ್ಲದೆ ಮುಚ್ಚಿಟ್ಟುಕೊಂಡು ಕೂತ ಮೊದಲ ವರ್ಷ, ಎರಡನೇ ವರ್ಷಗಳಲ್ಲೇ ಮೂಳೆ ಸವೆಯತೊಡಗುತ್ತದೆ, ಸವೆದ ಮೂಳೆಯನ್ನು ಯಾವ ಪಾಲಿಸಿಯೂ ತಂದುಕೊಡುವುದಿಲ್ಲ.

ಅರ್ಜಿಯಲ್ಲಿ ನೋವು ಶುರುವಾದ ತಿಂಗಳು, ಪರೀಕ್ಷೆಗಳ ತಾರೀಖು, ಗುಳಿಗೆಯ ಪ್ರಮಾಣ ಎಲ್ಲವನ್ನೂ ಬರೆದು, ತುಂಬಿದ ಫಾರ್ಮಿನ ನಕಲು ಇಟ್ಟುಕೊಂಡೆ. ಮೊದಲ ಕಂಪನಿ ಒಂದು ಸಾಲಿನ ಪತ್ರದಲ್ಲಿ ನಿರಾಕರಿಸಿತು. ಎರಡನೆಯದು ತಿಂಗಳುಗಟ್ಟಲೆ ಎಳೆದಾಡಿಸಿ ಸುಮ್ಮನಾಯಿತು. ಮೂರನೆಯದು ತಾನೇ ರಕ್ತಪರೀಕ್ಷೆ ಮಾಡಿಸಿ, ಪ್ರೀಮಿಯಂ ಮೇಲೆ ಕಾಲು ಭಾಗದಷ್ಟು ಲೋಡಿಂಗ್, ಅಂದರೆ ಕಾಯಿಲೆಯ ಕಾರಣಕ್ಕೆ ಹೆಚ್ಚುವರಿ ಹಣ, ಹಾಕಿ, ಆಮವಾತಕ್ಕೆ ಮೂರು ವರ್ಷ ಕಾಯಬೇಕೆಂಬ ಷರತ್ತಿನೊಂದಿಗೆ 2024ರ ನವೆಂಬರಿನಲ್ಲಿ ಐದು ಲಕ್ಷದ ಪಾಲಿಸಿ ಕೊಟ್ಟಿತು. ವರ್ಷಕ್ಕೆ ಹದಿನಾರು ಸಾವಿರದ ಹತ್ತಿರ. ಮೂರನೆಯ ಅರ್ಜಿಯ ಜೊತೆ ಲಗತ್ತಿಸಿದ ತಜ್ಞರ ಪತ್ರದಲ್ಲಿ ಯಾವ ಮೂರು ಅಂಶಗಳನ್ನು ಬರೆಸಿದ್ದೆ, ಯಾವ ತಿಂಗಳ ವರದಿಗಳನ್ನು ಲಗತ್ತಿಸಿದ್ದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದರಲ್ಲಿ ಸುಳ್ಳೇನೂ ಇಲ್ಲ. ಎಲ್ಲರೂ ಅದೇ ಒಕ್ಕಣೆಯನ್ನು ನಕಲು ಮಾಡಿದರೆ ನಾಳೆ ಅದಕ್ಕೆ ಬೆಲೆ ಇರುವುದಿಲ್ಲ, ಅಷ್ಟೆ.

ನನ್ನ ತಿಂಗಳ ಗುಳಿಗೆಗೆ ಆರುನೂರು, ಏಳುನೂರು ರೂಪಾಯಿ, ಎರಡು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಎಂಟುನೂರು. ಇದ್ಯಾವುದನ್ನೂ ವಿಮೆ ಕೊಡುವುದಿಲ್ಲ, ಹಾಗಾದರೆ ಹದಿನಾರು ಸಾವಿರ ಯಾಕೆ ಎಂದು ನಮ್ಮ ಯಜಮಾನರೇ ಕೇಳಿದ್ದರು. ಗುಳಿಗೆ ಕೈಕೊಟ್ಟರೆ ಮುಂದಿನದು ಜೀವಕೋಶಗಳಿಂದ ತಯಾರಿಸುವ ಬಯಾಲಾಜಿಕಲ್ ಇಂಜೆಕ್ಷನ್, ಒಂದು ಸರದಿಗೇ ಹತ್ತಾರು ಸಾವಿರ. ವಿಮಾ ಪ್ರಾಧಿಕಾರ ಕಂಪನಿಗಳು ಕೈಬಿಡಬಾರದೆಂದು ಹೇಳಿರುವ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಮಾನೊಕ್ಲೋನಲ್ ಆಂಟಿಬಾಡಿ ಇಂಜೆಕ್ಷನ್ ಇದೆ, ಬಯಾಲಾಜಿಕಲ್‌ಗಳಲ್ಲಿ ಹಲವು ಈ ಜಾತಿಯವು; ಮಿತಿ ಎಷ್ಟೆಂಬುದನ್ನು ಪಾಲಿಸಿಯಲ್ಲಿ ಓದಿಕೊಳ್ಳಬೇಕು. ಸಹಕಾರಿ ಸಂಘದ ಮೂಲಕ ರಾಜ್ಯ ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ಮಾಡಿಸಿದ್ದೇನೆ, ಆದರೆ ಅದರ ಆಸರೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ಎಪಿಎಲ್ ಕಾರ್ಡಿನವರಿಗೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸಿಗುವುದು ಪ್ಯಾಕೇಜ್ ದರದ ಶೇಕಡಾ 30 ಮಾತ್ರ.

ನಡುವೆ ನಡೆಸಿದ ಪ್ರಯೋಗಗಳ ಬಗ್ಗೆಯೂ ಎರಡು ಮಾತು. ಬದನೆ, ಟೊಮೆಟೊ, ಹುಳಿ ಬಿಟ್ಟು ನೋಡಿದೆ. ಬಿಪಿ ಯಂತ್ರದ ಮುಳ್ಳು ಕದಲಲಿಲ್ಲ, ಮತ್ತೆ ತಿನ್ನತೊಡಗಿದೆ. ಬೆಳಿಗ್ಗೆ ಬಿಸಿನೀರಿನಲ್ಲಿ ಹತ್ತು ನಿಮಿಷ ಕೈ ಅದ್ದಿದರೆ ಬಿಗಿತ ಅರ್ಧ ಗಂಟೆ ಬೇಗ ಬಿಡುತ್ತಿತ್ತು, ಊತ ಇಳಿಯಲಿಲ್ಲ. ಮೆಟ್ಟುಗತ್ತಿಯ ಮಣೆಯನ್ನು ನಾಲ್ಕು ಬೆರಳು ಎತ್ತರಿಸಿದ್ದು ಮಣಿಕಟ್ಟಿಗೆ ನಿಜವಾಗಿಯೂ ಒಳ್ಳೆಯದಾಯಿತು.

2025ರ ಜುಲೈಯಲ್ಲಿ ತೋಟದ ಕೆಸರಿನಿಂದ ಇಲಿಜ್ವರ ಬಂತು. ಸೋಂಕಿರುವಷ್ಟು ದಿನ ಮೆಥೊಟ್ರೆಕ್ಸೇಟ್ ನಿಲ್ಲಿಸಿದರು. ದಾಖಲಾಗುವಾಗ ರಾತ್ರಿಪಾಳಿಯ ವೈದ್ಯರು ಗಂಟುನೋವು ಎಷ್ಟು ಕಾಲದಿಂದ ಎಂದಾಗ ಯಜಮಾನರು “ಬಹಳ ವರ್ಷದಿಂದ” ಎಂದುಬಿಟ್ಟರು. ನಾನು ಮಲಗಿದಲ್ಲಿಂದಲೇ ತಡೆದು, ಕಾಯಿಲೆಯ ವಿವರ ಬರೆದು ಚೀಲದಲ್ಲಿಟ್ಟಿದ್ದ ಪುಟವನ್ನು ಕೊಟ್ಟು, 2023ರ ನವೆಂಬರ್ ಎಂದೇ ಬರೆಸಿದೆ. ಕ್ಲೇಮ್ ನೋಡುವವರು ಈ ಸಾಲನ್ನು ಅರ್ಜಿಯ ಜೊತೆ ತಾಳೆ ನೋಡುತ್ತಾರೆ. ಬಿಲ್ಲು ಎಪ್ಪತ್ತು ಸಾವಿರ ದಾಟಿತ್ತು. ಮೆಥೊಟ್ರೆಕ್ಸೇಟ್ ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದೀರಿ ಎಂದು ಕಂಪನಿ ಪ್ರಶ್ನೆ ಕಳಿಸಿತು. ಉತ್ತರವಾಗಿ ಅವರದೇ ಫಾರ್ಮಿನ ನಕಲನ್ನು ಕಳಿಸಿದೆ. ಇಲಿಜ್ವರ ಆಮವಾತಕ್ಕೆ ಸೇರದ್ದರಿಂದ ಮೂರು ವರ್ಷದ ಷರತ್ತು ಅಡ್ಡ ಬರಲಿಲ್ಲ, ಕೈಗವಸು ಮುಂತಾದ ಬಾಬ್ತಿನ ನಾಲ್ಕು ಸಾವಿರ ಕಳೆದು ಉಳಿದದ್ದು ಖಾತೆಗೆ ಬಂತು.

ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18 ಜಿಎಸ್‌ಟಿ ತೆಗೆದದ್ದರಿಂದ ನವೆಂಬರಿನ ನವೀಕರಣದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಉಳಿಯಿತು. ಬಿಪಿ ಯಂತ್ರದ ಮುಳ್ಳು ಈಗ ನೂರೆಪ್ಪತ್ತರ ಹತ್ತಿರ ಹೋಗುತ್ತದೆ. ಆಮವಾತದ ಕಾಯುವ ಅವಧಿ 2027ರ ನವೆಂಬರಿಗೆ ಮುಗಿಯುತ್ತದೆ. ಅಷ್ಟರೊಳಗೆ ಕಂಪನಿ ಬದಲಿಸಬೇಕೆನಿಸಿದರೂ ಕಾದ ವರ್ಷಗಳು ಪೋರ್ಟಬಿಲಿಟಿಯಲ್ಲಿ, ಅಂದರೆ ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸುವಾಗ, ಜೊತೆಗೇ ಬರುತ್ತವೆ, ನವೀಕರಣಕ್ಕೆ 45 ದಿನ ಮುಂಚೆ ಅರ್ಜಿ ಕೊಡಬೇಕು. ಮೈದುನನ ಅತ್ತೆಯವರ ಅರ್ಜಿಯನ್ನು ಮುಂದಿನ ವಾರ ತುಂಬಲಿದ್ದೇವೆ, ಅವರ ಆಂಟಿ ಸಿಸಿಪಿ ವರದಿ ಇನ್ನೂ ಬರಬೇಕಿದೆ.